‘ಇಲ್ಲದಿದ್ದರೆ ಇಲ್ಲ’ ಎಂಬ ಮಾತು

ಕಲಬುರಗಿ, ಬೀದರ್ ಕಡೆಯ ಕ್ರೈಸ್ತ ಕುಟುಂಬಗಳು ನನ್ನ ಬಳಿಗೆ ತಂದಿರುವ ಸಂಕಟಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಕೇಳಿಬಂದಿದೆ: ದೀಕ್ಷಾಸ್ನಾನಕ್ಕೆ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರಕ್ಕೆ) ಮೊದಲೇ ಹೋದ ಕೂಸಿನ ಗತಿ ಏನು? ಅಂಥ ಒಂದು ಪ್ರಕರಣವನ್ನು, ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸೊಸೆ ಬೀದರ್ ಜಿಲ್ಲೆಯ ಮೆಥಡಿಸ್ಟ್ ಮನೆತನದವಳು. ಮಗನಿಗೆ ಕಲಬುರಗಿಯಲ್ಲಿ ನೌಕರಿ. ಅತ್ತೆಯ ತವರು ಹಳೆಯ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಸಭೆಯ (ಚರ್ಚಿನ), ಮನೆತನ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ ಸಭೆಯೂ ಇತರ ಸಭೆಗಳೂ ಕೂಡಿ ದಕ್ಷಿಣ ಭಾರತ ಸಭೆಯಾದ ಮೇಲೂ ಆ ಮನೆಯಲ್ಲಿ ಆಂಗ್ಲಿಕನ್ ಆರಾಧನಾ ಕ್ರಮಗಳ ಗ್ರಂಥವಾದ 1662ರ ಸಾಮಾನ್ಯ ಪ್ರಾರ್ಥನಾ ಪುಸ್ತಕದ ಮಾತೇ ನಡೆಯುತ್ತಿತ್ತಂತೆ. ಇಬ್ಬರ ಸಭೆಗಳು ಬೇರೆಯಾದರೂ ಬೇರು ಒಂದೇ: ಮೆಥಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿ 1791ರಲ್ಲಿ ತೀರಿಕೊಳ್ಳುವವರೆಗೂ ಆಂಗ್ಲಿಕನ್ ಪಾದ್ರಿಯಾಗಿಯೇ ಇದ್ದವರು. ಕೂಸು ಹುಟ್ಟಿ ನಲವತ್ತು ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡಿತು. ದೀಕ್ಷಾಸ್ನಾನವನ್ನು ಮುಂದೂಡಿದ್ದಕ್ಕೆ ಕಾರಣ ಊಟದ ಏರ್ಪಾಡು ಮತ್ತು ಪುಣೆಯಿಂದ ಬರಬೇಕಿದ್ದ ನೆಂಟರ ರಜೆ. ಮಣ್ಣು ಮಾಡಿ ಬಂದ ದಿನವೇ ಅತ್ತೆ, “ನೀರು ಬೀಳದ ಕೂಸು, ಅದಕ್ಕೆಲ್ಲಿ ಪರಲೋಕ?” ಎಂದುಬಿಟ್ಟರು. ಆ ಮಾತಿನ ನಂತರ ಸೊಸೆ ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಮಾಡಲಿಲ್ಲ. ನಾನು ಮೊದಲು ಆಕೆಯನ್ನು ಮನೋವೈದ್ಯರಲ್ಲಿಗೆ ಕಳಿಸಿದೆ. ಬಾಣಂತನದ ಖಿನ್ನತೆಯನ್ನು ಬರೀ ಪ್ರಾರ್ಥನೆಯಿಂದ ಕಳೆಯಬಹುದೆಂದು ಹೇಳುವವರ ಜೊತೆ ನನಗೆ ಚರ್ಚೆಯೇ ಬೇಡ.

ನಾಲ್ಕನೆಯ ಭೇಟಿಗೆ ಅತ್ತೆಯೂ ಬಂದರು. ಅವರನ್ನು ಕ್ರೂರಿ ಎಂದು ತಿಳಿದು ಕೂತಿದ್ದ ನನಗೆ ಎದುರಾದದ್ದು ಹೆದರಿದ ಒಂದು ಮುದಿಜೀವ. ಅವರ ಮಾತಿಗೆ ಆಧಾರವೇ ಇಲ್ಲ ಎಂದು ನಾನು ಹೇಳಲಾರೆ. 1662ರ ಪುಸ್ತಕದ ಸಮಾಧಿ ಆರಾಧನೆಯ (ಮಣ್ಣು ಮಾಡುವಾಗ ಓದುವ ಪ್ರಾರ್ಥನಾ ಕ್ರಮದ) ಮೊದಲಲ್ಲೇ, ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ ಈ ಕ್ರಮವನ್ನು ಬಳಸಬಾರದೆಂಬ ಸೂಚನೆ ಇದೆ. ಕೂಸು ಹುಟ್ಟಿದ ಮೊದಲ ಅಥವಾ ಎರಡನೆಯ ಭಾನುವಾರಕ್ಕಿಂತ ತಡಮಾಡಬಾರದು, ದೊಡ್ಡದಾದ ಯೋಗ್ಯ ಕಾರಣವಿದ್ದರೆ ಮಾತ್ರ ಬೇರೆ ಮಾತು, ಎಂದು ತಾಯಿತಂದೆಯರನ್ನು ಎಚ್ಚರಿಸುವಂತೆ ಪಾದ್ರಿಗಳಿಗೆ ಹೇಳಿರುವುದೂ ಅದೇ ಪುಸ್ತಕ. ನೆಂಟರ ರಜೆ ಅಂಥ ಕಾರಣವಲ್ಲ ಎಂಬುದು ಮಗನಿಗೂ ಗೊತ್ತಿತ್ತು. ಅವನು ತಲೆ ಎತ್ತಲಿಲ್ಲ.

ನಾನು ಅವರಿಗೆ ಹೇಳಿದ್ದು ಇನ್ನೊಂದು ಸಂಗತಿ. 1536ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ, ಇಂಗ್ಲೆಂಡಿನ ಸಭೆ ಹೊರಡಿಸಿದ ಹತ್ತು ವಿಧಿಗಳಲ್ಲಿ, ಎಳೆತನದಲ್ಲಿ ಸಾಯುವ ಮಕ್ಕಳು ದೀಕ್ಷಾಸ್ನಾನದಿಂದ ನಿಸ್ಸಂಶಯವಾಗಿ ರಕ್ಷಣೆ ಹೊಂದುವರು, ‘ಇಲ್ಲದಿದ್ದರೆ ಇಲ್ಲ’ ಎಂದು ಬರೆದಿತ್ತು. ಮುಂದೆ ಪ್ರಾರ್ಥನಾ ಪುಸ್ತಕ ರಚಿಸಿದವರು ಮೊದಲ ಅರ್ಧವನ್ನು ಉಳಿಸಿಕೊಂಡರು, ಕೊನೆಯ ಆ ಎರಡು ಪದಗಳನ್ನು ಬಿಟ್ಟರು. 1662ರ ಪುಸ್ತಕದಲ್ಲೂ, ದೀಕ್ಷಾಸ್ನಾನ ಹೊಂದಿದ ಕೂಸು ರಕ್ಷಣೆ ಹೊಂದುವುದು ನಿಶ್ಚಯ ಎಂದಷ್ಟೇ ಇದೆ; ಹೊಂದದ ಕೂಸಿನ ವಿಷಯದಲ್ಲಿ ಪುಸ್ತಕ ಬಾಯಿ ತೆರೆಯುವುದಿಲ್ಲ. ಸಮಾಧಿಯ ಸೂಚನೆ ಹೇಳುವುದು ಯಾವ ಆರಾಧನೆಯನ್ನು ಓದಬಾರದು ಎಂಬುದನ್ನು. ದೇವರು ಯಾರನ್ನು ಎತ್ತಿಕೊಳ್ಳಬಾರದು ಎಂಬುದನ್ನಲ್ಲ. “ಸಭೆಯೇ ಬಿಟ್ಟ ಮಾತನ್ನು ನೀವ್ಯಾಕೆ ಮತ್ತೆ ಸೇರಿಸಿದಿರಿ, ಅವ್ವಾರೆ?” ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಹೆನ್ರಿ ರಾಜನ ಕತೆಯಿಂದ ಅವರಿಗೇನೂ ಆಗಲಿಲ್ಲ ಎಂದೇ ಈಗ ಅನಿಸುತ್ತದೆ.

ಆಗ ಅವರ ಕೈಯಲ್ಲಿದ್ದ ಬೈಬಲನ್ನೇ ತೆರೆಯಿಸಿ, ಸಮುವೇಲನ ಎರಡನೆಯ ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಲು ಹೇಳಿದೆ. ಇಸ್ರಾಯೇಲಿನ ಅರಸ ದಾವೀದನ ಕೂಸು ಕಾಯಿಲೆ ಬಿದ್ದು ಏಳನೆಯ ದಿನ ಸತ್ತದ್ದನ್ನೂ, ಅದು ತನ್ನ ಬಳಿಗೆ ಬಾರದು, ತಾನೇ ಅದರ ಬಳಿಗೆ ಹೋಗುವೆನೆಂದು ದಾವೀದ ಹೇಳಿದ್ದನ್ನೂ ಅವರು ಓದಿದರು. ಓದಿ ನಿಲ್ಲಿಸಿ, ಬೆರಳು ಮಡಚುತ್ತ, “ಏಳನೇ ದಿನ... ಸುನ್ನತಿ ಎಂಟನೇ ದಿನಕ್ಕಲ್ಲೇನು? ಹಂಗಾದ್ರ ಆ ಕೂಸಿಗೂ ಗುರುತು ಆಗಿರಲಿಲ್ಲ” ಎಂದರು. ನಮಗೆ ದೀಕ್ಷಾಸ್ನಾನವಿದ್ದಂತೆ, ಅವರಿಗೆ ಗಂಡುಕೂಸು ದೇವರ ಜನಕ್ಕೆ ಸೇರಿದ ಗುರುತು ಸುನ್ನತಿ. ಸೊಸೆ ಅಂದು ಮೊದಲ ಬಾರಿ ಅತ್ತೆಯ ಮುಖ ನೋಡಿದಳು.

ಈ ಪ್ರಕರಣ ನನ್ನನ್ನು ಕಾಡುವುದು ಇಲ್ಲಿಯೇ. ಅದು ಹುಟ್ಟಿದ ಏಳನೆಯ ದಿನವೋ, ಕಾಯಿಲೆಯ ಏಳನೆಯ ದಿನವೋ ಎಂದು ವಾದಿಸಲು ಎಡೆಯಿದೆ. ಅದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಒಬ್ಬ ಸಭಾಪಾಲಕರು ಇದನ್ನು ಕೇಳಿ, ನೀವು ದೀಕ್ಷಾಸ್ನಾನವನ್ನೇ ಹಗುರ ಮಾಡುತ್ತಿದ್ದೀರಿ ಎಂದು ನನ್ನನ್ನು ಆಕ್ಷೇಪಿಸಿದರು. ಹಗುರ ಮಾಡಿದವರು ಅದನ್ನು ಊಟದ ಕಾರ್ಯಕ್ರಮವಾಗಿಸಿದ ನಾವೆಲ್ಲರೂ, ಅದರಲ್ಲಿ ಸಭಾಪಾಲಕರೂ ಸೇರುತ್ತಾರೆ. ಸಂಸ್ಕಾರವನ್ನು ಬೇಗ ಮಾಡಿ ಎಂದು ಬದುಕಿರುವ ಕೂಸಿನ ತಾಯಿತಂದೆಗೆ ಗದರಿಸಿ ಹೇಳಬೇಕು. ಕೂಸು ಸತ್ತ ಮೇಲೆ ಅದೇ ಬೋಧನೆಯನ್ನು ತಾಯಿಯ ಮೇಲೆ ಎತ್ತಿದರೆ ಅದು ಶಿಕ್ಷೆಯಾಗುತ್ತದೆ. ಆ ದಿನ ನಾನು ಅಧ್ಯಾಪಕಿಯಾಗಿ ಕೂತಿರಲಿಲ್ಲ, ಆದ್ದರಿಂದ ನನ್ನ ಮೌನಕ್ಕೆ ಪಶ್ಚಾತ್ತಾಪವಿಲ್ಲ; ಅಳುಕು ಇದೆ.

ಕೊಟ್ಟ ಸಲಹೆ ಹೆಚ್ಚೇನಿಲ್ಲ. ಯೋಚಿಸಿಟ್ಟಿದ್ದ ಹೆಸರಿನಿಂದಲೇ ಕೂಸನ್ನು ಮನೆಯಲ್ಲಿ ಕರೆಯಿರಿ, ‘ಅದು’ ಎನ್ನಬೇಡಿ ಎಂದೆ. ಮುಂದೂಡಿದ ತಪ್ಪು ತನ್ನದೂ ಹೌದೆಂದು ಮಗ ಹೆಂಡತಿಯ ಎದುರು ಬಾಯಿಬಿಟ್ಟು ಹೇಳಬೇಕೆಂದೆ, ಏಕೆಂದರೆ ಆವರೆಗೆ ಆ ಹೊರೆ ಅವಳೊಬ್ಬಳ ಮೇಲಿತ್ತು. ಮುಂದೆ ಮಗುವಾದರೆ ಎರಡನೆಯ ಭಾನುವಾರವೇ ದೀಕ್ಷಾಸ್ನಾನ ಆಗಲಿ, ಊಟ ವರ್ಷ ತುಂಬಿದಾಗ ಹಾಕಿದರೂ ನಡೆಯುತ್ತದೆ ಎಂದೆ. ಸಮಾಧಿಯ ಬಳಿ ಪೂರ್ಣ ಆರಾಧನೆಯೇ ಆಗಬೇಕೆಂದು ಮಗ ಹಟ ಹಿಡಿದ; ಅವರ ಸಭಾಪಾಲಕರು ಬೈಬಲಿನ ಒಂದು ಕೀರ್ತನೆ ಓದಿ ಪ್ರಾರ್ಥಿಸಲು ಮಾತ್ರ ಒಪ್ಪಿದರು. ಅಷ್ಟಕ್ಕೆ ಒಪ್ಪಿಕೋ ಎಂದು ನಾನು ಹೇಳಿದ್ದು ಅವನಿಗೆ ಹಿಡಿಸಲಿಲ್ಲ, ಇಂದಿಗೂ ನನ್ನ ಮೇಲೆ ಮುನಿಸಿದೆ. ಪ್ರಾರ್ಥನೆಯ ದಿನ ಕೀರ್ತನೆಯನ್ನು ಓದಿದವರು ಅತ್ತೆ ಎಂದು ಸೊಸೆ ಫೋನಿನಲ್ಲಿ ತಿಳಿಸಿದಳು.