‘ಪತ್ತೆಯಾಗಿಲ್ಲ’ ಎಂದಿತ್ತು, ಎಲ್ಲಿಂದ ಬಂತು?

ಎಚ್‌ಐವಿ ಆಪ್ತಸಲಹೆಗೆ ಬಂದವರು ಮೂವತ್ತರ ಆಸುಪಾಸಿನ ವಿವಾಹಿತ. ಆರು ವರ್ಷದಿಂದ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಎಚ್‌ಐವಿ ಮಾತ್ರೆ, ದಿನಕ್ಕೊಂದು. ವೈರಲ್ ಲೋಡ್, ಅಂದರೆ ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಸಿಗುವ ವೈರಸ್ ಎಣಿಕೆ, ವರ್ಷಗಟ್ಟಲೆ ‘ಪತ್ತೆಯಾಗಿಲ್ಲ’. ವಾಸಿಯಾಯಿತೆಂದು ತಾವೇ ಮಾತ್ರೆ ಬಿಟ್ಟರು. ಐದು ವಾರಕ್ಕೆ ವೈರಲ್ ಲೋಡ್ 48,000. ಮೈಯಲ್ಲಿ ಜ್ವರವಿಲ್ಲ, ಸುಸ್ತಿಲ್ಲ.

“ಇಲ್ಲದ್ದು ಎಲ್ಲಿಂದ ಬಂತು ಮೇಡಂ?”

ಬೈದು ಕಳಿಸುವ ಪ್ರಶ್ನೆಯಲ್ಲ ಇದು. ಹಳೇ ರಿಪೋರ್ಟಿನ ‘ಪ್ಲಾಸ್ಮಾ’ ಎಂಬ ಪದದ ಮೇಲೆ ಬೆರಳಿಡಿಸಿ ಮಾತು ಶುರುಮಾಡಿದ್ದಾಯಿತು. ಪರೀಕ್ಷೆ ಎಣಿಸುವುದು ರಕ್ತದ ದ್ರವದಲ್ಲಿ ತೇಲುವ ವೈರಸ್ಸನ್ನು ಮಾತ್ರ. ಎಚ್‌ಐವಿ ತನ್ನ ಜೀನನ್ನು ಸಿಡಿ4 ಎಂಬ ರೋಗನಿರೋಧಕ ಬಿಳಿ ರಕ್ತಕೋಶದ ಡಿಎನ್‌ಎಗೇ ಹೊಲಿದುಬಿಡುತ್ತದೆ. ಮಾತ್ರೆ ಹೊಸ ಹೊಲಿಗೆ ಬೀಳದಂತೆ ತಡೆಯುತ್ತದೆ, ಹಳೇ ಹೊಲಿಗೆ ಬಿಚ್ಚುವುದಿಲ್ಲ. ಅಂಥ ಕೋಶಗಳಲ್ಲಿ ಕೆಲವು, ಹಳೇ ಸೋಂಕನ್ನು ನೆನಪಿಟ್ಟುಕೊಳ್ಳುವ ‘ನೆನಪಿನ ಕೋಶ’ಗಳಾಗಿ ಮಲಗುತ್ತವೆ. ವೈರಸ್ ತಯಾರಿಸದ ಕೋಶವನ್ನು ರೋಗನಿರೋಧಕ ಶಕ್ತಿ ಗುರುತಿಸದು. ಮಲಗಿದ ಸಿಡಿ4 ಕೋಶಗಳಲ್ಲಿ ಎದ್ದು ವೈರಸ್ ಹುಟ್ಟಿಸಬಲ್ಲದ್ದು ಹತ್ತು ಲಕ್ಷಕ್ಕೆ ಸುಮಾರು ಒಂದು. ಕಡಿಮೆ ಅನ್ನಿಸುತ್ತದೆ, ಆದರೆ ಅವು ಅರ್ಧಕ್ಕಿಳಿಯಲು ಸುಮಾರು 44 ತಿಂಗಳು ಬೇಕು. ಮೇಲಾಗಿ ಆ ಕೋಶ ಎರಡಾದರೆ ಹೊಲಿದ ಜೀನೂ ಎರಡಾಗುತ್ತದೆ. ಇವುಗಳ ಬಿಡಾರ ಹೆಚ್ಚಾಗಿ ರಕ್ತದಲ್ಲಿಲ್ಲ: ದುಗ್ಧಗ್ರಂಥಿ, ಕರುಳಿನ ಗೋಡೆ, ಗುಲ್ಮ. ಮಿದುಳಿನಲ್ಲಿ ಬೇರೆ ಜಾತಿಯ ಕೋಶಗಳು ಆಸರೆ ಕೊಡುತ್ತವೆ. ಮಾತ್ರೆ ಬಿಟ್ಟ ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದೊಳಗೆ ವೈರಸ್ ರಕ್ತಕ್ಕಿಳಿಯುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನಾನು ಆರು ವರ್ಷ ನುಂಗಿದ್ದು ವ್ಯರ್ಥವಾ?” ಎಂದರು. ಅಲ್ಲ. ವೈರಸ್ ಹತೋಟಿಯಲ್ಲಿದ್ದಷ್ಟು ಕಾಲ ಸಿಡಿ4 ಉಳಿದಿತ್ತು, ಲೈಂಗಿಕ ಸಂಪರ್ಕದಿಂದ ಪತ್ನಿಗೆ ಹರಡುವ ಭಯವೂ ಇರಲಿಲ್ಲ. ಈಗ ಇದೆ.

ಆದ್ದರಿಂದ ಸಲಹೆ ಅಲ್ಲಿಂದಲೇ ಆರಂಭ. ಕಾಂಡೋಮ್ ಇಲ್ಲದ ಸಂಪರ್ಕವಾಗಿ 72 ಗಂಟೆ ಮೀರಿಲ್ಲದಿದ್ದರೆ ಪತ್ನಿಗೆ ತಡೆ ಔಷಧಿ ಇವತ್ತೇ ಶುರುವಾಗಬೇಕು, ಇಪ್ಪತ್ತೆಂಟು ದಿನ. ಇವರ ವಿಷಯದಲ್ಲಿ ಗಡುವು ಮೀರಿತ್ತು. ಆಕೆಗೆ ಅಂದೇ ಪರೀಕ್ಷೆ, ಮೂರು ತಿಂಗಳಿಗೆ ಮತ್ತೊಮ್ಮೆ, ಅಲ್ಲಿಯವರೆಗೆ ಕಾಂಡೋಮ್. ಇವರಿಗೆ ವೈದ್ಯರು ಅದೇ ದಿನ ಅದೇ ಮಾತ್ರೆ ಮತ್ತೆ ಕೊಟ್ಟರು. ಜೊತೆಗೆ ಹೆಪಟೈಟಿಸ್ ಬಿ ಮತ್ತು ಯಕೃತ್ತಿನ ಪರೀಕ್ಷೆ: ಟೆನೊಫೊವಿರ್, ಲಾಮಿವುಡಿನ್ ಆ ವೈರಸ್ಸನ್ನೂ ಅದುಮಿಡುವುದರಿಂದ, ಆ ಸೋಂಕು ಇದ್ದವರು ಮಾತ್ರೆ ಹಠಾತ್ತನೆ ಬಿಟ್ಟರೆ ಯಕೃತ್ತು ಊದಿಕೊಳ್ಳಬಹುದು. ಇದನ್ನು ಕೇಳುವುದನ್ನೇ ನಮ್ಮ ಆಪ್ತಸಲಹೆಗಾರರಲ್ಲಿ ಹಲವರು ಮರೆಯುತ್ತಾರೆ.

ಎದ್ದು ಹೊರಡುವಾಗ, ಎದೆಯುರಿಗೆ ಆಗಾಗ ಆ್ಯಂಟಾಸಿಡ್ ಕುಡಿಯುತ್ತೇನೆಂದರು. ಅದರ ಮೆಗ್ನೀಸಿಯಂ, ಅಲ್ಯೂಮಿನಿಯಂ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಹಿಡಿದಿಡುತ್ತವೆ. ಮಾತ್ರೆ ನುಂಗಿ ಎರಡು ಗಂಟೆಯ ಮೇಲೆ ಆ್ಯಂಟಾಸಿಡ್. ಅದನ್ನೇ ಮೊದಲು ಕುಡಿದಿದ್ದರೆ ಆರು ಗಂಟೆ ಬಿಟ್ಟು ಮಾತ್ರೆ. ಮಾತ್ರೆ ಡಬ್ಬಿಯ ಮೇಲೆ ಅದನ್ನು ಬರೆಸಿಕೊಂಡು ಹೋದರು.