ಪದಕ್ಕೂ ನೆಂಟರು ಬೇಕು

ಪ್ರಶ್ನೆ: ನನ್ನ ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಪಿಯುಸಿ ಮೊದಲ ವರ್ಷ, ಸೈನ್ಸ್. ಬಯಾಲಜಿಯ ಇಂಗ್ಲಿಷ್ ಪದಗಳನ್ನು ಒಂದೊಂದನ್ನೂ ಇಪ್ಪತ್ತು ಸಲ ಬರೆಯುತ್ತಾಳೆ. ರಾತ್ರಿ ಒಪ್ಪಿಸುತ್ತಾಳೆ, ಬೆಳಿಗ್ಗೆ ಕೇಳಿದರೆ ಅರ್ಧ ಮರೆತಿರುತ್ತಾಳೆ. ‘ನನ್ನ ತಲೆಗೆ ಹತ್ತಲ್ಲಮ್ಮ’ ಎಂದು ಅಳುತ್ತಾಳೆ. ನೆನಪಿನ ಶಕ್ತಿಗೆ ಏನಾದರೂ ಟಾನಿಕ್ ಕೊಡಿಸಲೇ?
– ಒಬ್ಬ ತಾಯಿ, ಹಾವೇರಿ

ಉತ್ತರ: ಟಾನಿಕ್ ಖಂಡಿತ ಬೇಡ. ಎಸ್ಸೆಸ್ಸೆಲ್ಸಿ ಪಾಸಾಗಿ ಸೈನ್ಸ್ ತೆಗೆದುಕೊಂಡ ಹುಡುಗಿಯ ನೆನಪು ನಾಲ್ಕು ತಿಂಗಳಲ್ಲಿ ಕೆಟ್ಟುಹೋಗುವುದಿಲ್ಲ. ‘ಎರಿಥ್ರೋಸೈಟ್’ ಅಂತ ಇಪ್ಪತ್ತು ಸಲ ಬರೆಯುವಾಗ ಕೈ ಓಡುತ್ತದೆ, ಆದರೆ ಆ ಪದಕ್ಕೆ ಅವಳ ತಲೆಯೊಳಗೆ ಒಬ್ಬರೂ ನೆಂಟರಿಲ್ಲ. ಯಾರ ಪರಿಚಯವೂ ಇಲ್ಲದ ಊರಿಗೆ ಬಂದವರ ಹಾಗೆ ಅದು ಒಂದು ರಾತ್ರಿ ತಂಗಿ ಹೊರಟುಬಿಡುತ್ತದೆ.

ಇದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಅರ್ಥವೇ ಇಲ್ಲದ ಉಚ್ಚಾರಗಳನ್ನು ಮಾಡಿಕೊಂಡು ತಾವೇ ಬಾಯಿಪಾಠ ಮಾಡಿದರು, ಆಮೇಲೆ ಒಂದು ಇಂಗ್ಲಿಷ್ ಪದ್ಯವನ್ನೂ ಕಲಿತರು. ಪದ್ಯಕ್ಕೆ ಬೇಕಾದ ಶ್ರಮ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು! ನಿಮ್ಮ ಮಗಳು ಪಾಪ, ಅರ್ಥ ಇರುವ ಪದಗಳನ್ನೇ ಅರ್ಥ ಇಲ್ಲದವುಗಳ ಹಾಗೆ ಉರುಹೊಡೆಯುತ್ತಿದ್ದಾಳೆ.

ಇವತ್ತು ಸಂಜೆ ಅವಳ ಪಕ್ಕ ಕೂತು ನೋಟ್‌ಬುಕ್ ತೆಗೆಸಿ. ‘ಫೋಟೋಸಿಂಥೆಸಿಸ್’ ಅಂತ ಇದೆಯಲ್ಲ, ಅದನ್ನು ಅವಳು ಹೈಸ್ಕೂಲಿನಲ್ಲಿ ‘ದ್ಯುತಿಸಂಶ್ಲೇಷಣೆ’ ಅಂತ ಓದಿದ್ದಾಳೆ. ದ್ಯುತಿ ಅಂದರೆ ಬೆಳಕು, ಫೋಟೋ ಅಂದರೂ ಬೆಳಕೇ. ಸಂಶ್ಲೇಷಣೆ ಅಂದರೆ ಕೂಡಿಸಿ ಕಟ್ಟುವುದು, ಸಿಂಥೆಸಿಸ್ ಕೂಡ ಅದೇ. ‘ಹೈಡ್ರಾಲಿಸಿಸ್’ನಲ್ಲಿ ಹೈಡ್ರೋ ಅಂದರೆ ನೀರು, ಲಿಸಿಸ್ ಅಂದರೆ ಬಿಡಿಸುವುದು, ಒಡೆಯುವುದು. ಇಷ್ಟು ಗೊತ್ತಾಗಿ, ಗ್ಲೈಕೋ ಅಂದರೆ ಸಿಹಿ, ಸಕ್ಕರೆ ಅಂತ ಹೇಳಿಕೊಟ್ಟರೆ ‘ಗ್ಲೈಕಾಲಿಸಿಸ್’ ಬಂದಾಗ ಅಲ್ಲಿ ಸಕ್ಕರೆ ಒಡೆಯುತ್ತಿದೆ ಅಂತ ಅವಳೇ ಹೇಳುತ್ತಾಳೆ. ‘ಸೈಟ್’ ಅಂದರೆ ಜೀವಕೋಶ, ‘ಎರಿಥ್ರೋ’ ಅಂದರೆ ಕೆಂಪು, ‘ಲ್ಯೂಕೋ’ ಅಂದರೆ ಬಿಳಿ. ಕೆಂಪು ರಕ್ತಕಣ, ಬಿಳಿ ರಕ್ತಕಣ ಅವಳಿಗೆ ಯಾವಾಗಲೋ ಗೊತ್ತು, ಅಲ್ವಾ? ಕನ್ನಡದಲ್ಲಿ ಓದಿ ಬಂದದ್ದು ಅವಳಿಗೆ ಹೊರೆ ಅಂತ ಯಾರೇ ಹೇಳಿದರೂ ನಂಬಬೇಡಿ, ಅವಳು ಅರ್ಥ ಸಮೇತ ಬಂದಿದ್ದಾಳೆ, ಹೊಸ ಹೆಸರುಗಳನ್ನು ಅದಕ್ಕೆ ಕಟ್ಟುವ ಕೆಲಸ ಮಾತ್ರ ಬಾಕಿ ಇದೆ.

ಕೆಲವು ಪಟ್ಟಿಗಳನ್ನು ಹೀಗೆ ಒಡೆಯಲು ಬರುವುದಿಲ್ಲ. ಕಿಂಗ್‌ಡಮ್, ಫೈಲಮ್, ಕ್ಲಾಸ್, ಆರ್ಡರ್, ಫ್ಯಾಮಿಲಿ, ಜೀನಸ್, ಸ್ಪೀಷೀಸ್ – ಜೀವಿಗಳನ್ನು ಗುಂಪು ಮಾಡುವ ಹಂತಗಳು ಒಟ್ಟು ಏಳು, ದೊಡ್ಡದರಿಂದ ಚಿಕ್ಕದಕ್ಕೆ. ಇದನ್ನು ನಿಮ್ಮ ಮನೆ ವಿಳಾಸದ ಮೇಲೆ ಕೂರಿಸಿ: ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಬೀದಿ, ಮನೆ. ಅದೂ ಏಳೇ! ಸಂಬಂಧವೇ ಇಲ್ಲದ ಪದಗಳಾದರೆ ಒಂದು ಕಥೆ ಕಟ್ಟಲಿ, ಎಷ್ಟು ವಿಚಿತ್ರವಾಗಿದ್ದರೂ ಪರವಾಗಿಲ್ಲ. 1969ರಲ್ಲಿ ಅಮೆರಿಕದಲ್ಲಿ ಬೋವರ್ ಮತ್ತು ಕ್ಲಾರ್ಕ್ ಎಂಬ ಸಂಶೋಧಕರು ಹತ್ತತ್ತು ಪದಗಳ ಹನ್ನೆರಡು ಪಟ್ಟಿ ಕೊಟ್ಟು ನೋಡಿದರು. ಕಥೆ ಕಟ್ಟಿದವರಿಗೆ ಕೊನೆಯಲ್ಲಿ ಶೇ 93ರಷ್ಟು ಪದಗಳು ನೆನಪಿದ್ದವು. ಅಷ್ಟೇ ಹೊತ್ತು ಸುಮ್ನೆ ಓದಿಕೊಂಡವರಿಗೆ ಶೇ 13.

ಆದರೆ ಒಂದು ಎಚ್ಚರಿಕೆ. ಹೊಸ ಪದಕ್ಕೆ ಹಳೆಯ ನೆಂಟರು ಬೇಕು, ನಿಜ, ಆದರೆ ಅಕ್ಕತಂಗಿಯರ ಹಾಗಿರುವ ಎರಡು ಹೊಸ ಪದಗಳನ್ನು ಒಂದೇ ದಿನ ಮನೆಗೆ ಕರೆದರೆ ಯಾರು ಯಾರು ಅಂತ ಗೊತ್ತಾಗದೆ ಗಲಿಬಿಲಿಯಾಗುತ್ತದೆ. ಅರ್ಥದಲ್ಲಿ ಹತ್ತಿರದ ಹೊಸ ಪದಗಳನ್ನು ಒಟ್ಟಿಗೆ ಕಲಿಯುವುದು ನಿಧಾನವಾಗುತ್ತದೆ ಅಂತ ಟಿಂಕಮ್ ಎಂಬುವರು 1993ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಜೀವಕೋಶ ವಿಭಜನೆಯ ಎರಡು ಬಗೆಗಳಾದ ಮೈಟಾಸಿಸ್, ಮಿಯಾಸಿಸ್ ಜೋಡಿಯಲ್ಲಂತೂ ಉಚ್ಚಾರವೂ ಹತ್ತಿರ. ಮೊದಲು ಮೈಟಾಸಿಸ್ ಗಟ್ಟಿಯಾಗಲಿ: ಒಂದು ಕೋಶದಿಂದ ಅದರಂಥದ್ದೇ ಎರಡು. ನಾಲ್ಕು ದಿನ ಬಿಟ್ಟು ಮಿಯಾಸಿಸ್: ಕ್ರೋಮೋಸೋಮ್‌ಗಳ ಸಂಖ್ಯೆ ಅರ್ಧವಾಗಿರುವ ನಾಲ್ಕು ಕೋಶ.

ಬೆಳಿಗ್ಗೆ ಪುಸ್ತಕ ಮುಚ್ಚಿಸಿ ಅರ್ಥದ ಕಡೆಯಿಂದ ಕೇಳಿ: ‘ನೀರು ಸೇರಿಸಿ ಒಡೆಯೋದಕ್ಕೆ ಏನಂತಾರೆ?’ ಉತ್ತರಕ್ಕೆ ತಡಕಾಡಲಿ, ನೀವು ತಕ್ಷಣ ಹೇಳಿಕೊಡಬೇಡಿ.

ಪ್ರಶ್ನೆ: ನನಗೆ 64 ವರ್ಷ. ಎದುರಿಗೆ ಬಂದವರ ಕೆಲಸ, ಊರು, ಮಕ್ಕಳೆಷ್ಟು ಎಲ್ಲ ನೆನಪಾಗುತ್ತದೆ, ಹೆಸರು ಮಾತ್ರ ಬರುವುದಿಲ್ಲ. ಹೆದರಬೇಕೇ?
– ನಿವೃತ್ತ ಮೇಷ್ಟ್ರು, ಬಾಗಲಕೋಟೆ

ಉತ್ತರ: ಮೇಷ್ಟ್ರೇ, ಇಷ್ಟಕ್ಕೇ ಹೆದರಬೇಡಿ. ‘ಇವರು ಬಡಿಗರು’ ಅಂದರೆ ನಿಮ್ಮ ತಲೆಯಲ್ಲಿ ಉಳಿ, ಕೀಸುಳಿ, ಮರದ ಹೊಟ್ಟಿನ ವಾಸನೆ ಎಲ್ಲ ಏಳುತ್ತವೆ. ‘ಇವರು ಬಡಿಗೇರ’ ಅಂದರೆ ಬರೀ ಅಡ್ಡಹೆಸರು, ಅವರು ಬ್ಯಾಂಕಿನಲ್ಲೂ ಇರಬಹುದು. 1987ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ ಒಂದೇ ಪದವನ್ನು ಹೆಸರಾಗಿಯೂ ಕಸುಬಾಗಿಯೂ ಕಲಿಸಿ ನೋಡಿದಾಗ ಕಸುಬು ಜಾಸ್ತಿ ನೆನಪಿತ್ತು, ಹೆಸರು ಕಮ್ಮಿ. ಪರಿಚಯವಾದ ಕೂಡಲೇ ಹೆಸರನ್ನು ನೀವೂ ಒಮ್ಮೆ ಬಾಯಿಬಿಟ್ಟು ಹೇಳಿ, ಅದೇ ಹೆಸರಿನ ನಿಮ್ಮ ಹಳೆಯ ಶಿಷ್ಯನೊಬ್ಬನನ್ನು ಅವರ ಪಕ್ಕ ನಿಲ್ಲಿಸಿಕೊಳ್ಳಿ. ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೀರಿ ಅಂತ ಮನೆಯವರು ಅಂದರೆ, ಆಗ ತಡಮಾಡದೆ ಡಾಕ್ಟರನ್ನು ಕಾಣಿ.