ಓದುಗರ ಪ್ರಶ್ನೆ, ನಮ್ಮ ಉತ್ತರ: ಈಥನ್ ಹಂಟ್‌ನ ಕೊನೆಯ ಸಾಹಸ

2025ರ ಮೇ 17ರಂದು ಭಾರತದಲ್ಲಿ ತೆರೆಕಂಡ ‘ಮಿಷನ್ ಇಂಪಾಸಿಬಲ್: ದಿ ಫೈನಲ್ ರೆಕನಿಂಗ್’ (ಗೂಢಚಾರ ಈಥನ್ ಹಂಟ್ ಆಗಿ ಟಾಮ್ ಕ್ರೂಸ್ ನಟಿಸಿರುವ ಸರಣಿಯ ಎಂಟನೆಯ ಚಿತ್ರ) ಬಗ್ಗೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಜಾಸ್ತಿ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಚಿತ್ರ ನೋಡದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು; ಯಾರು ಸಾಯುತ್ತಾರೆ ಎಂಬುದೂ ಸೇರಿ ಎಲ್ಲ ಗುಟ್ಟೂ ಕೆಳಗೆ ಬಯಲಾಗಿದೆ.

ಪ್ರ: ಮೊದಲ ಒಂದು ಗಂಟೆ ಬರೀ ಮಾತು. ಕತ್ತಲೆ ಕೋಣೆಯಲ್ಲಿ ನಿಂತು ಒಬ್ಬರು ಅರ್ಧ ವಾಕ್ಯ ಹೇಳುತ್ತಾರೆ, ಇನ್ನೊಬ್ಬರು ಅದನ್ನು ಮುಗಿಸುತ್ತಾರೆ. ನಡುನಡುವೆ ಹಳೇ ಚಿತ್ರಗಳ ತುಣುಕು ಬೇರೆ. ಇಷ್ಟು ಎಳೆಯಬೇಕಿತ್ತೇ? (ಧಾರವಾಡ)

ಉ: ಬೇಕಿರಲಿಲ್ಲ. ಆದರೆ ಹಾಗಾದದ್ದಕ್ಕೆ ಕಾರಣವಿದೆ. ಚಿತ್ರ ಒಟ್ಟು 170 ನಿಮಿಷದ ಆಸುಪಾಸು. ಅದರಲ್ಲಿ ಪ್ರೇಕ್ಷಕ ನೆನಪಿಟ್ಟುಕೊಳ್ಳಬೇಕಾದ ಸಾಮಾನುಗಳನ್ನು ಎಣಿಸಿ ನೋಡಿ: ಶಿಲುಬೆಯಾಕಾರದ ಕೀಲಿ, ಮುಳುಗಿದ ಸೆವಾಸ್ತೊಪೋಲ್ ಜಲಾಂತರ್ಗಾಮಿಯಲ್ಲಿರುವ ‘ಪೊಡ್ಕೋವಾ’ ಪೆಟ್ಟಿಗೆ, ಈಥನ್‌ನ ಗೆಳೆಯ ಲೂಥರ್ ಬರೆದ ‘ವಿಷದ ಗುಳಿಗೆ’ ಪ್ರೋಗ್ರಾಂ, ‘ಎಂಟಿಟಿ’ ಎಂಬ ಕೃತಕ ಬುದ್ಧಿಯನ್ನು ಹಿಡಿದು ಕೂಡಿಹಾಕುವ ಡ್ರೈವ್, ದಕ್ಷಿಣ ಆಫ್ರಿಕಾದ ಭೂಗತ ದತ್ತಾಂಶ ಕೋಠಿ. ಈ ಐದೂ ಒಂದಕ್ಕೊಂದು ಕೂಡಿದರೆ ಮಾತ್ರ ಕ್ಲೈಮ್ಯಾಕ್ಸ್ ಅರ್ಥವಾಗುತ್ತದೆ. ಒಂದನ್ನು ವಿವರಿಸುವಷ್ಟರಲ್ಲಿ ಹಿಂದಿನದು ಮರೆತಿರುತ್ತದೆ, ಮತ್ತೆ ವಿವರಣೆ.

1996ರ ಮೊದಲ ಚಿತ್ರದ ಲ್ಯಾಂಗ್ಲಿ ದೃಶ್ಯ (ಸಿಐಎ ಕಚೇರಿಯೊಳಗಿನ ಕಳ್ಳತನ) ನೆನಪಿಸಿಕೊಳ್ಳಿ. ಸಿಐಎ ಕೋಣೆಯ ನಿಯಮ ಮೂರೇ ಮೂರು: ಸದ್ದಾಗಕೂಡದು, ಕೋಣೆಯ ಉಷ್ಣತೆ ಏರಕೂಡದು, ನೆಲಕ್ಕೆ ಭಾರ ಬೀಳಕೂಡದು. ಇಷ್ಟನ್ನು ಮೊದಲೇ ಹೇಳಿ ಮುಗಿಸಿದ್ದರಿಂದ, ಮುಂದೆ ಕನ್ನಡಕದಿಂದ ಜಾರಿದ ಒಂದು ಬೆವರ ಹನಿಗೆ ಇಡೀ ಟಾಕೀಸು ಉಸಿರು ಬಿಗಿಹಿಡಿಯಿತು. ಅಪಾಯದ ನಿಯಮ ಮೊದಲು, ಸಾಹಸ ಆಮೇಲೆ. ಈ ಸಲ ನಿಯಮಗಳೇ ಒಂದು ಗಂಟೆ ತಿಂದವು.

ಇನ್ನೊಂದು ಕಾರಣ ಇವರ ಕೆಲಸದ ಪದ್ಧತಿ. ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಪೂರ್ತಿ ಚಿತ್ರಕಥೆ ಕೈಯಲ್ಲಿಟ್ಟುಕೊಂಡು ಹೊರಡುವವರಲ್ಲ. ಸಾಹಸಗಳನ್ನು ಮೊದಲು ಗೊತ್ತುಮಾಡಿ, ಕಥೆಯನ್ನು ಅವುಗಳ ಸುತ್ತ ಹೆಣೆಯುತ್ತಾರೆ. 2018ರ ‘ಫಾಲ್‌ಔಟ್’ನಲ್ಲಿ ಈ ಪದ್ಧತಿ ಫಲ ಕೊಟ್ಟಿತು, ಏಕೆಂದರೆ ಅಲ್ಲಿ ಹುಡುಕಬೇಕಾದ್ದು ಮೂರು ಪ್ಲುಟೋನಿಯಂ ಗೋಳ, ಅಷ್ಟೇ. ಇಲ್ಲಿ ಹೆಣಿಗೆಯ ಎಳೆಗಳು ಹೆಚ್ಚಾದವು. ಸಾಲದ್ದಕ್ಕೆ 2023ರ ಹಾಲಿವುಡ್ ಮುಷ್ಕರದಿಂದ ಚಿತ್ರೀಕರಣ ನಿಂತು, 2024ಕ್ಕೆ ಬರಬೇಕಿದ್ದ ಚಿತ್ರ 2025ಕ್ಕೆ ಬಂತು. ಹಿಂದಿನ ಭಾಗ, 2023ರ ‘ಡೆಡ್ ರೆಕನಿಂಗ್’, ಬಂದು ಎರಡು ವರ್ಷ ಕಳೆದಿದ್ದರಿಂದ ಹಿಂದಿನ ಕಥೆಯನ್ನು ನೆನಪಿಸುವ ತುಣುಕುಗಳೂ ಹೆಚ್ಚಾದವು.

ಪ್ರ: ಜಲಾಂತರ್ಗಾಮಿಯೊಳಗಿನ ದೃಶ್ಯ ರೋಮಾಂಚಕ, ಒಪ್ಪುತ್ತೇನೆ. ಆದರೆ ಅಷ್ಟು ಆಳದಿಂದ, ಹಿಮದಂಥ ನೀರಿನಲ್ಲಿ, ಡೈವಿಂಗ್ ಸೂಟನ್ನೂ ಕಳಚಿ ಚಡ್ಡಿಯಲ್ಲಿ ಈಜಿ ಮೇಲೆ ಬಂದು ಬದುಕುವುದು ಸಾಧ್ಯವೇ? (ಮಂಗಳೂರು)

ಉ: ಸಮುದ್ರದ ಊರಿನವರು ಈ ಪ್ರಶ್ನೆ ಕೇಳದೆ ಬಿಡುತ್ತಾರೆಯೇ! ಆಳ 150 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಮೇಲಿನ ಗಾಳಿಯದೂ ಸೇರಿ 16 ಪಟ್ಟು. ಅಲ್ಲಿ ಮಾಮೂಲಿ ಗಾಳಿ ಉಸಿರಾಡುವಂತಿಲ್ಲ. ಸಾರಜನಕ 30 ಮೀಟರಿನಿಂದಲೇ ಅಮಲೇರಿಸಲು ಶುರುಮಾಡುತ್ತದೆ. ಆಮ್ಲಜನಕವೂ ವಿಷವೇ: ಅದರ ಪಾಲಿನ ಒತ್ತಡ 1.6 ವಾತಾವರಣ ದಾಟಿದರೆ ಫಿಟ್ಸ್ ಬರುವ ಅಪಾಯವಿರುವಾಗ, 150 ಮೀಟರಿನಲ್ಲಿ ಅದು 3.3 ಮೀರುತ್ತದೆ. ಹಾಗಾಗಿ ಹೀಲಿಯಂ ಹೆಚ್ಚಿಸಿ ಆಮ್ಲಜನಕವನ್ನು ಶೇ 10ರೊಳಗೆ ಇಳಿಸಿದ ಮಿಶ್ರಣ ಬೇಕು. ಇಳಿಯುವ ಮುನ್ನ ಈಥನ್‌ಗೆ ವಿಶೇಷ ಅನಿಲದ ಪಾಠ ನಡೆಯುವುದು ಇದಕ್ಕೇ, ಸುಮ್ಮನೆ ಅಲಂಕಾರಕ್ಕಲ್ಲ.

ಅಷ್ಟು ಆಳದಿಂದ ನೇರ ಮೇಲೇರುವುದು ಅಸಾಧ್ಯವೇನಲ್ಲ. 1987ರಲ್ಲಿ ನಾರ್ವೆಯ ಕಡಲಲ್ಲಿ ಬ್ರಿಟಿಷ್ ನೌಕಾಪಡೆಯವರು ‘ಎಚ್‌ಎಂಎಸ್ ಓಟಸ್’ ಜಲಾಂತರ್ಗಾಮಿಯಿಂದ 183 ಮೀಟರ್ ಆಳದಲ್ಲಿ ಹೊರಬಿದ್ದು ಮೇಲೆ ಬಂದಿದ್ದಾರೆ. ಆದರೆ ಅವರು ಗಾಳಿ ತುಂಬಿದ ಪಾರುಗಾಣಿಕೆ ಸೂಟು ತೊಟ್ಟಿದ್ದರು. ಅದಕ್ಕಿಂತ ಮುಖ್ಯ ವಿಷಯ, ಆ ಒತ್ತಡದಲ್ಲಿ ಅವರು ಇದ್ದದ್ದು ಕೆಲವೇ ಸೆಕೆಂಡು. ರಕ್ತಕ್ಕೂ ಕೊಬ್ಬಿಗೂ ಅನಿಲ ಇಳಿಯುವಷ್ಟು ಹೊತ್ತೇ ಸಿಗಲಿಲ್ಲ. ಈಥನ್ ಹಾಗಲ್ಲ, ತುಂಬಾ ಹೊತ್ತು ಆ ಆಳದಲ್ಲೇ ಕೆಲಸ ಮಾಡುತ್ತಾನೆ. ದಿನಗಟ್ಟಲೆ ಆ ಆಳದಲ್ಲಿದ್ದು ದುಡಿಯುವ ವೃತ್ತಿಪರ ಮುಳುಗುಗಾರರಿಗೆ ಒತ್ತಡ ಇಳಿಸಲು ಪ್ರತಿ 30 ಮೀಟರಿಗೆ ಒಂದು ದಿನ, ಮೇಲೊಂದು ದಿನ ಎಂಬ ಅಂದಾಜಿದೆ. ಅಂದರೆ ಆರು ದಿನ ಒತ್ತಡ ಇಳಿಸುವ ಕೋಠಿಯೊಳಗೆ. ಈಥನ್‌ಗೆ ಅಷ್ಟು ಬೇಡವಾದರೂ ತಾಸುಗಟ್ಟಲೆ ಬೇಕೇ ಬೇಕು. ನೇರವಾಗಿ ಏರಿದರೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಮೈಯೊಳಗೆಲ್ಲ ಗುಳ್ಳೆ. ಏರುವಾಗ ಉಸಿರು ಹಿಡಿದರಂತೂ ಮುಗಿಯಿತು: ಶ್ವಾಸಕೋಶದ ಗಾಳಿ 16 ಪಟ್ಟು ಹಿಗ್ಗುತ್ತದೆ, ಅದೂ ಕೊನೆಯ 10 ಮೀಟರಿನಲ್ಲೇ ಎರಡರಷ್ಟಾಗುತ್ತದೆ. ಉದ್ದಕ್ಕೂ ಉಸಿರು ಬಿಡುತ್ತಲೇ ಬರಬೇಕು.

ಚಳಿಯ ವಿಷಯ: ಸೊನ್ನೆ ಡಿಗ್ರಿ ಆಸುಪಾಸಿನ ನೀರಲ್ಲಿ ಮೊದಲ ಒಂದು ನಿಮಿಷ ಉಸಿರಾಟ ಹತೋಟಿ ತಪ್ಪುತ್ತದೆ, ಹತ್ತು ನಿಮಿಷದಲ್ಲಿ ಕೈಕಾಲು ಸೋಲುತ್ತವೆ. ಪ್ರಜ್ಞೆ ತಪ್ಪುವುದು ಸುಮಾರು ಒಂದು ಗಂಟೆಗೆ. ಆದ್ದರಿಂದ ಅವನನ್ನು ಕೊಲ್ಲಬೇಕಿದ್ದದ್ದು ಚಳಿಯಲ್ಲ, ಗುಳ್ಳೆ. ಮಂಜಿನ ಮೇಲೆ ಒತ್ತಡದ ಕೋಠಿಗೆ ಹಾಕಿ ತಂಡದ ಗ್ರೇಸ್ ಅವನನ್ನು ಉಳಿಸುವುದರ ಹಿಂದೆ ತರ್ಕವಿದೆ. ಒಯ್ದು ಬಿಚ್ಚಿ ಬಳಸುವಂಥ ಕೋಠಿಗಳು ನಿಜವಾಗಿ ಇವೆ. ಆದರೆ ಅಮೆರಿಕದ ನೌಕಾಪಡೆಯ ಮಾಮೂಲಿ ಚಿಕಿತ್ಸೆಯೇ 18 ಮೀಟರ್ ಒತ್ತಡದಿಂದ ಶುರುವಾಗಿ 4 ಗಂಟೆ 45 ನಿಮಿಷ ಹಿಡಿಯುತ್ತದೆ. ಅಷ್ಟಾದ ಮೇಲೂ ಎದ್ದವನೇ ವಿಮಾನದ ರೆಕ್ಕೆಗೆ ಜೋತುಬೀಳುವುದು... ಅದನ್ನು ಟಿಕೆಟ್ ದುಡ್ಡಿಗೆ ಸಿಕ್ಕ ರಿಯಾಯಿತಿ ಅಂದುಕೊಳ್ಳಿ.

ಇಷ್ಟೆಲ್ಲ ತಪ್ಪು ಹುಡುಕಿದರೂ ಇಡೀ ಚಿತ್ರದಲ್ಲಿ ನಮ್ಮ ಪ್ರಕಾರ ಇದೇ ಅತ್ಯುತ್ತಮ ಭಾಗ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಡಗು ಹೊರಳುತ್ತದೆ, ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಜಾರುತ್ತದೆ, ಟಾರ್ಪೆಡೊಗಳು ಗೂಟ ಕಿತ್ತು ಉರುಳುತ್ತವೆ. ಇದಕ್ಕಾಗಿ ಇಂಗ್ಲೆಂಡಿನಲ್ಲಿ 85 ಲಕ್ಷ ಲೀಟರಿನ ತೊಟ್ಟಿ ಕಟ್ಟಿ, ಅದರೊಳಗೆ ಸೆಟ್ಟನ್ನೇ ತಿರುಗುವಂತೆ ಕೂರಿಸಿದ್ದರು. ಮುಖ ಪೂರ್ತಿ ಕಾಣಲೆಂದು ಮಾಡಿಸಿದ ಮಾಸ್ಕಿನಲ್ಲಿ ಬಿಟ್ಟ ಉಸಿರೇ ಮತ್ತೆ ಒಳಹೋಗಿ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತಿತ್ತು. ಹಾಗಾಗಿ ಒಂದು ಸಲಕ್ಕೆ ಹತ್ತು ನಿಮಿಷದಷ್ಟೇ ಕೆಲಸ.

ಪ್ರ: ಬೈಪ್ಲೇನ್ ರೆಕ್ಕೆಯ ಮೇಲಿರುವುದು ನಿಜವಾಗಿ ಕ್ರೂಸೇನಾ, ಗ್ರಾಫಿಕ್ಸಾ? (ಮೈಸೂರು)

ಉ: ಕ್ರೂಸೇ. ವಿಮಾನ ಬೋಯಿಂಗ್ ಸ್ಟಿಯರ್‌ಮನ್, ಜಾಗ ದಕ್ಷಿಣ ಆಫ್ರಿಕಾ. ಗ್ರಾಫಿಕ್ಸ್ ಈ ಸರಣಿಯಲ್ಲಿ ಸಾಮಾನ್ಯವಾಗಿ ಬರುವುದು ಸುರಕ್ಷತೆಯ ತಂತಿ, ಪಟ್ಟಿಗಳನ್ನು ಅಳಿಸಲು. ಗಂಟೆಗೆ 190 ಕಿ.ಮೀ. ಗಾಳಿಗೆ ಎದೆಯೊಡ್ಡಿದರೆ ಮೈಮೇಲೆ ಬೀಳುವ ನೂಕು ಸುಮಾರು 80 ಕೆ.ಜಿ. ಭಾರಕ್ಕೆ ಸಮ. ವೇಗ ಇಮ್ಮಡಿಯಾದರೆ ಆ ನೂಕು ನಾಲ್ಮಡಿ. ಉಸಿರು ಎಳೆದುಕೊಳ್ಳುವುದೇ ಕಷ್ಟ, ಅದಕ್ಕೇ ಬೇರೆ ತರಬೇತಿ. ಇಂಜಿನ್ ಸದ್ದಿನಲ್ಲಿ ಮಾತು ಕೇಳದ ಕಾರಣ ಎಲ್ಲ ಕೈಸನ್ನೆಯಲ್ಲೇ. ಹೀಗೆ ರೆಕ್ಕೆಯ ಮೇಲೆ ಹನ್ನೆರಡು ನಿಮಿಷವೇ ಮಿತಿ ಎಂದಿದ್ದರೂ ಕ್ರೂಸ್ 20 ನಿಮಿಷ ದಾಟಿದ್ದನ್ನು ಮೆಕ್ವಾರಿ ಹೇಳಿದ್ದಾರೆ. ಇಂಥ ಕೆಲಸದಲ್ಲಿ ಕಣ್ಣಿಗೂ ಅಪಾಯ: 2015ರ ‘ರೋಗ್ ನೇಷನ್’ನಲ್ಲಿ ಎ400ಎಂ ಸರಕು ವಿಮಾನಕ್ಕೆ ನೇತಾಡಿದಾಗ ಹರಳು, ಧೂಳು ಬಡಿಯದಿರಲೆಂದು ಕಣ್ಣಿನ ಬಿಳಿಗುಡ್ಡೆಯನ್ನೂ ಮುಚ್ಚುವ ಲೆನ್ಸ್ ಹಾಕಿದ್ದರು. ಆ ದೃಶ್ಯವನ್ನು ಎಂಟು ಸಲ ಚಿತ್ರೀಕರಿಸಿದ್ದಾರೆ.

ಕೊನೆಗೆ ಉರಿಯುವ ಪ್ಯಾರಾಚೂಟ್ ಬರುತ್ತದಲ್ಲ, ಅದೂ ನಿಜವೇ. ಇಂಧನದಲ್ಲಿ ನೆನೆಸಿದ ಬಟ್ಟೆ ಬಿಚ್ಚಿಕೊಂಡ ಮೇಲೆ ಬೆಂಕಿ ಹೊತ್ತಿಸಬೇಕು, ಅದು ಸುಟ್ಟುಹೋಗುವಾಗ ಕತ್ತರಿಸಿ ಬಿಟ್ಟು ಮೀಸಲು ಪ್ಯಾರಾಚೂಟ್ ತೆರೆಯಬೇಕು. ಕೈಕೊಡುವುದು ಎಲ್ಲಿ ಎಂದರೆ, ಹಗ್ಗ ತಿರುಚಿಕೊಂಡಾಗ. ತಿರುಚು ಬಿಡಿಸದೆ ಬೆಂಕಿ ಹಚ್ಚಿದರೆ ಗರಗರ ತಿರುಗುತ್ತಲೇ ಉರಿಯಬೇಕಾಗುತ್ತದೆ. ಇದನ್ನು 16 ಸಲ ಮಾಡಿದ್ದಕ್ಕೆ ಗಿನ್ನಿಸ್ ದಾಖಲೆ ಸಿಕ್ಕಿದೆ.

ಇಷ್ಟಾಗಿಯೂ ಒಂದು ದೂರಿದೆ. ಈಥನ್ ರೆಕ್ಕೆಯ ಮೇಲಿರುವಾಗ ಎಡಿಟಿಂಗ್ ಪದೇಪದೇ ಕೆಳಗಿನ ದತ್ತಾಂಶ ಕೋಠಿಗೆ ಜಿಗಿಯುತ್ತದೆ: ಒಂದು ಕಡೆ ಬಾಂಬ್, ಇನ್ನೊಂದು ಕಡೆ ತಂಡದ ಬೆಂಜಿಯ ಎದೆಗೆ ಪ್ಯಾರಿಸ್ ಎಂಬಾಕೆ ಚುಚ್ಚುವ ತುರ್ತು ಚಿಕಿತ್ಸೆ, ಮತ್ತೊಂದು ಕಡೆ ಗ್ರೇಸ್. ಪ್ರತಿ ಜಿಗಿತಕ್ಕೂ ಎತ್ತರದ ಭಯ ಒಂದು ಮೆಟ್ಟಿಲು ಇಳಿಯುತ್ತದೆ. ಜಲಾಂತರ್ಗಾಮಿ ದೃಶ್ಯ ಗೆದ್ದದ್ದು ಹೀಗೆ ಜಿಗಿಯದೆ ಒಂದೇ ಕಡೆ ನಿಂತದ್ದರಿಂದ.

ಪ್ರ: ಹಿಂದಿನ ಭಾಗದ ಬೈಕ್ ಜಿಗಿತದ ಮುಂದೆ ಇದು ಸಪ್ಪೆ. (ಬಳ್ಳಾರಿ)

ಉ: ನಾವು ಒಪ್ಪುವುದಿಲ್ಲ. ನಾರ್ವೆಯ ಹೆಲ್ಸೆಟ್‌ಕೋಪನ್ ಬೆಟ್ಟದ ಆ ಜಿಗಿತ ಸಾಹಸವಾಗಿ ಅದ್ಭುತ. ತಯಾರಿಗೆ 500ಕ್ಕೂ ಹೆಚ್ಚು ಸ್ಕೈಡೈವ್, 13,000 ಮೋಟೊಕ್ರಾಸ್ ಜಿಗಿತ; ವೇಗ ತೋರಿಸುವ ಮೀಟರ್ ಇಲ್ಲದೆ ಇಂಜಿನ್ ಸದ್ದಿನಿಂದಲೇ ಅಂದಾಜು; ಒಂದೇ ದಿನ ಆರು ಸಲ. ನಾಯಕನಿಗೆ ಪೆಟ್ಟಾದರೆ ಉಳಿದ ಖರ್ಚು ನೀರುಪಾಲಾಗದಿರಲೆಂದು ಚಿತ್ರೀಕರಣದ ಮೊದಲ ದಿನವೇ ಮುಗಿಸಿದರು. ಆದರೆ ಚಿತ್ರ ಬರುವ ಏಳು ತಿಂಗಳು ಮೊದಲೇ ಅದರ ಮೇಕಿಂಗ್ ವಿಡಿಯೊ ಬಿಟ್ಟಿದ್ದರು. ಥಿಯೇಟರಿನಲ್ಲಿ ನೋಡಲು ಉಳಿದದ್ದೇನು?

ಪ್ರ: ಒಂದನ್ನೂ ನೋಡಿಲ್ಲ. ಎಂಟೂ ನೋಡುವ ವ್ಯವಧಾನವಿಲ್ಲ. ಎಷ್ಟು ಸಾಕು? (ತುಮಕೂರು)

ಉ: ಮೂರು. 1996ರ ಮೊದಲನೆಯದು (110 ನಿಮಿಷ), 2006ರ ಮೂರನೆಯದು (126), 2023ರ ‘ಡೆಡ್ ರೆಕನಿಂಗ್’ (163). ಒಟ್ಟು 6 ಗಂಟೆ 39 ನಿಮಿಷ. ಮೊದಲನೆಯದರಲ್ಲಿ ಲ್ಯಾಂಗ್ಲಿ ಕೋಣೆಯ ನೌಕರ ಡನ್‌ಲೋ, ಮೇಜಿಗೆ ನಾಟಿದ ಚಾಕು, ಅಧಿಕಾರಿ ಕಿಟ್ರಿಜ್ ಇವರ ಮೇಲೆ ಕಣ್ಣಿಡಿ. ಮೂರನೆಯದರಲ್ಲಿ ‘ಮೊಲದ ಕಾಲು’ ಎಂಬ ವಸ್ತುವಿನ ಮೇಲೆ. 2000ದ ಎರಡನೆಯದನ್ನು ಬಿಟ್ಟರೆ ಏನೂ ನಷ್ಟವಿಲ್ಲ. ಬಿಡುವಾದರೆ ‘ಫಾಲ್‌ಔಟ್’ ಸೇರಿಸಿಕೊಳ್ಳಿ, ಈ ಕಥೆಗಾಗಿ ಅಲ್ಲ, ಸರಣಿಯಲ್ಲೇ ಅದು ಚೆನ್ನಾಗಿದೆ ಅಂತ.

ಪ್ರ: ಹಳೆಯ ಕೊಂಡಿಗಳನ್ನು ಬಲವಂತವಾಗಿ ಜೋಡಿಸಿದ್ದಾರೆ ಅನ್ನಿಸಲಿಲ್ಲವೇ? (ವಿಜಯಪುರ)

ಉ: ಎರಡು ಕೊಂಡಿ ಬಲವಂತ, ಒಂದು ಬಂಗಾರ. ‘ಮೊಲದ ಕಾಲು’ ಏನೆಂದು 2006ರಲ್ಲಿ ಹೇಳದೆ ಬಿಟ್ಟದ್ದೇ ಚಂದವಿತ್ತು. ಈಗ ಅದನ್ನು ಎಂಟಿಟಿಯ ಮೂಲ ಎಂದು ಮಾಡಿ ಇಡೀ ಅನಾಹುತಕ್ಕೆ ಈಥನ್‌ನನ್ನೇ ಹೊಣೆ ಮಾಡಿದ್ದಾರೆ. ಈಥನ್‌ನನ್ನು ಬೆನ್ನಟ್ಟುವ ಅಧಿಕಾರಿ ಬ್ರಿಗ್ಸ್ ಹಳೇ ಖಳ ಜಿಮ್ ಫೆಲ್ಪ್ಸ್‌ನ ಮಗ ಎಂಬುದರಿಂದ ಕಥೆಗೆ ಏನೂ ದಕ್ಕಿಲ್ಲ, ಆ ಸುದ್ದಿ ತೆಗೆದರೂ ಒಂದು ದೃಶ್ಯ ಬದಲಾಗುವುದಿಲ್ಲ. ಆದರೆ ಡನ್‌ಲೋ! 1996ರಲ್ಲಿ ಅವನನ್ನು ಅಲಾಸ್ಕಾಕ್ಕೆ ಅಟ್ಟಿ ಎಂದು ಕಿಟ್ರಿಜ್ ಒಂದು ಸಾಲಿನಲ್ಲಿ ಹೇಳಿದ್ದು ನಗೆಗೆ. ಮೂವತ್ತು ವರ್ಷದ ಬಳಿಕ ಅದೇ ನಟ ರೋಲ್ಫ್ ಸ್ಯಾಕ್ಸನ್, ಬೇರಿಂಗ್ ಸಮುದ್ರದ ದ್ವೀಪದಲ್ಲಿ ಹೆಂಡತಿಯೊಂದಿಗೆ ನೆಮ್ಮದಿಯಾಗಿ ಬದುಕಿರುವವನಾಗಿ ಸಿಗುತ್ತಾನೆ. ತನ್ನ ಕೆಲಸ ಕಳೆದವನ ಮೇಲೆ ಅವನಿಗೆ ಸಿಟ್ಟಿಲ್ಲ. ಈ ಕೊಂಡಿಗೆ ವಿವರಣೆಯೇ ಬೇಕಾಗಲಿಲ್ಲ.

ಪ್ರ: ಈಥನ್‌ನ ಗೆಳತಿ ಇಲ್ಸಾಳನ್ನು ಹಿಂದಿನ ಭಾಗದಲ್ಲಿ ಕೊಂದದ್ದು ಅನ್ಯಾಯ. ಲೂಥರ್‌ನನ್ನೂ ಬಿಡಲಿಲ್ಲ. (ಹಾಸನ)

ಉ: ಇಲ್ಸಾಳದ್ದು ಅನ್ಯಾಯವೇ, ವೆನಿಸ್ಸಿನ ಸೇತುವೆಯ ಮೇಲೆ ಅವಳು ಸತ್ತದ್ದು ಗ್ರೇಸ್‌ಗೆ ಜಾಗ ಮಾಡಲು ಎಂಬಂತಿತ್ತು. ಲೂಥರ್‌ನ ಸಾವಿಗೆ ಬೆಲೆ ಇದೆ. ಬಾಂಬಿನ ದೊಡ್ಡ ಸ್ಫೋಟ ತಪ್ಪಿಸಬಹುದು, ಚಿಕ್ಕದನ್ನು ತಪ್ಪಿಸಲಾಗದು, ಅದಕ್ಕೆ ಒಬ್ಬ ಅಲ್ಲೇ ಉಳಿಯಬೇಕು ಎಂಬ ನಿಯಮ ಮೊದಲೇ ಸ್ಪಷ್ಟವಾಗಿತ್ತು.

ಪ್ರ: ಐಮ್ಯಾಕ್ಸ್‌ಗೆ ಹೆಚ್ಚು ದುಡ್ಡು ಕೊಡಬೇಕೇ? (ಬೆಂಗಳೂರು)

ಉ: ಮರುಬಿಡುಗಡೆ ಆದರೆ ಕೊಡಿ. ಮಾಮೂಲಿ ಪರದೆಯಲ್ಲಿ ಚಿತ್ರದ ಅಗಲ-ಎತ್ತರದ ಅನುಪಾತ 2.39, ಐಮ್ಯಾಕ್ಸ್‌ನಲ್ಲಿ ಆಯ್ದ ದೃಶ್ಯಗಳಿಗೆ 1.90. ಅಗಲ ಅಷ್ಟೇ ಇದ್ದರೂ ಎತ್ತರ ಶೇ 26ರಷ್ಟು ಹೆಚ್ಚು. ಬೈಪ್ಲೇನ್ ದೃಶ್ಯದಲ್ಲಿ ಕೆಳಗಿನ ಕಣಿವೆ ಕಾಣುವುದು ಆ ಹೆಚ್ಚುವರಿ ಪಟ್ಟಿಯಲ್ಲಿ. ತೀರಾ ಮುಂದಿನ ಸಾಲು ಬೇಡ, ಕತ್ತು ನೋಯುತ್ತದೆ.

ಪ್ರ: ಹಿಟ್ಟೋ ಫ್ಲಾಪೋ, ಒಂದೇ ಮಾತಲ್ಲಿ ಹೇಳಿ. (ಕಲಬುರಗಿ)

ಉ: ಒಂದೇ ಮಾತಿಗೆ ಸಿಗುವುದಿಲ್ಲ. ಜಗತ್ತಿನಾದ್ಯಂತ ಗಳಿಕೆ 60 ಕೋಟಿ ಡಾಲರಿಗೆ ಸಮೀಪ, ವೆಚ್ಚ 30ರಿಂದ 40 ಕೋಟಿ ಡಾಲರ್ ಎಂದು ವರದಿಯಾಗಿದೆ. ಗಳಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರ ಪಾಲು. ಉಳಿದದ್ದರಲ್ಲಿ ಪ್ರಚಾರದ ಖರ್ಚು ಕಳೆದು ನೀವೇ ಹೇಳಿ.

ಪ್ರ: ಆ ಟೈಟಲ್ ಮ್ಯೂಸಿಕ್‌ಗೆ ತಾಳ ಹಾಕಲು ಹೋದರೆ ತಪ್ಪುತ್ತದೆ. ಯಾಕೆ? (ಉಡುಪಿ)

ಉ: ನಾಲ್ಕರ ಲೆಕ್ಕದಲ್ಲಿ ಹಾಕುತ್ತಿದ್ದೀರಿ, ಅದು ಐದರದ್ದು. 1966ರ ಟಿವಿ ಧಾರಾವಾಹಿಗೆ ಲಾಲೊ ಶಿಫ್ರಿನ್ ಮಾಡಿದ ರಾಗವದು. ಅರ್ಧರ್ಧ ಮಾತ್ರೆಯಾಗಿ ಎಣಿಸಿದರೆ ಹತ್ತು: ಮೂರು, ಮೂರು, ಎರಡು, ಎರಡು. ಅಂದರೆ ಎರಡು ಉದ್ದ, ಎರಡು ಗಿಡ್ಡ. ಮೋರ್ಸ್ ಸಂಕೇತದಲ್ಲಿ ಎರಡು ಗೆರೆ ಎಂದರೆ ‘ಎಂ’, ಎರಡು ಚುಕ್ಕಿ ಎಂದರೆ ‘ಐ’. ಖಂಡ ಛಾಪು ಗೊತ್ತಿದ್ದರೆ ಐದರ ಅಂದಾಜು ಸಿಗುತ್ತದೆ, ಆದರೆ ಅದರ ಎರಡು-ಮೂರರ ಪಾಲು ಇಲ್ಲಿ ನೇರ ಕೂರುವುದಿಲ್ಲ. ಮೊದಲು ನಿಧಾನವಾಗಿ ‘ತಕಿಟ ತಕಿಟ ತಕ ತಕ’ ಎಂದು ಬಾಯಲ್ಲಿ ಹೇಳಿಕೊಂಡು, ಪ್ರತಿ ‘ತ’ಕ್ಕೆ ಒಂದು ತಟ್ಟು ಹಾಕಿ.